ಅಲಾರಂ ರಿಸೀವರ್ ಕೂರಿಸಿದ್ದು, ಅದರ ಮೌನವನ್ನೂ ಪರೀಕ್ಷಿಸಿದ್ದು

ಬೆಂಗಳೂರಿನ ಒಂದು ಕಂಟ್ರೋಲ್ ರೂಮಿಗೆ ಅಲಾರಂ ರಿಸೀವರ್, ಅಂದರೆ ದೂರದಿಂದ ಬರುವ ಅಲಾರಂ ಸಂದೇಶಗಳನ್ನು ಹಿಡಿಯುವ ಯಂತ್ರ, ಕೂರಿಸಿ, ಟೆಸ್ಟ್ ಮಾಡಿ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಟಿಎಂ, ಒಡವೆ ಅಂಗಡಿ, ಗೋದಾಮುಗಳಲ್ಲಿರುವ ಅಲಾರಂ ಪೆಟ್ಟಿಗೆಗಳು, ಅಂದರೆ ಪ್ಯಾನಲ್‌ಗಳು ಅದಕ್ಕೆ ವರದಿ ಮಾಡಬೇಕು. 2013ರ ನವೆಂಬರ್‌ನಲ್ಲಿ ಕಾರ್ಪೊರೇಷನ್ ವೃತ್ತದ ಹತ್ತಿರ ಎಟಿಎಂನ ಶಟರ್ ಎಳೆದು ಒಳಗಿದ್ದ ಮಹಿಳೆಯ ಮೇಲೆ ಹಲ್ಲೆ ನಡೆದದ್ದನ್ನು ಈ ಊರು ಮರೆತಿಲ್ಲ. ಪ್ಯಾನಿಕ್ ಬಟನ್ ಟೆಸ್ಟ್ ಮಾಡುವಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ರ‍್ಯಾಕ್, ಯುಪಿಎಸ್, ಅರ್ತಿಂಗ್ ಕೆಲಸ ಬೇಗ ಮುಗಿಯಿತು. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಹೆದರಿ ಪ್ರತಿ ಫೋನ್ ಲೈನಿಗೂ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆ.

ಹಳೇ ಪ್ಯಾನಲ್‌ಗಳು ಫೋನ್ ಲೈನಿನಲ್ಲಿ ಕಾಂಟ್ಯಾಕ್ಟ್ ಐಡಿ ಎಂಬ ಅಂಕಿಗಳ ಭಾಷೆಯಲ್ಲಿ ಮಾತಾಡುತ್ತವೆ. ರಿಸೀವರ್ ಮೊದಲು 1400 ಹರ್ಟ್ಸ್, ಆಮೇಲೆ 2300 ಹರ್ಟ್ಸ್ ಸ್ವರ ಕೊಡುತ್ತದೆ. ಪ್ಯಾನಲ್ ಆಗ ಅಂಕಿಗಳನ್ನು ಕಳಿಸುತ್ತದೆ: 1234 18 1130 01 005 5. ಗ್ರಾಹಕರ ಖಾತೆ 1234. 18 ಸಂದೇಶದ ಬಗೆ. 1130ರಲ್ಲಿ ಮೊದಲ 1 ಅಂದರೆ ಹೊಸ ಘಟನೆ, 130 ಅಂದರೆ ಕಳ್ಳತನದ ಅಲಾರಂ. 01 ವಿಭಾಗ, 005 ಝೋನ್, ಅಂದರೆ ಯಾವ ಜಾಗದ ಸೆನ್ಸರ್ ಎಂಬುದು. ಕೊನೆಯ 5 ತಾಳೆ ನೋಡುವ ಅಂಕಿ. ಸೊನ್ನೆಗೆ 10 ಎಂದು ಹಿಡಿದು ಎಲ್ಲ ಕೂಡಿಸಿ ನೋಡಿ, 75 ಬರುತ್ತದೆ. ಮೊತ್ತ 15ರಿಂದ ಭಾಗವಾಗದಿದ್ದರೆ ರಿಸೀವರ್ ಒಪ್ಪುವುದಿಲ್ಲ, ಪ್ಯಾನಲ್ ಮತ್ತೆ ಕಳಿಸಬೇಕು.

ನಮ್ಮಲ್ಲಿ ಒಂದು ಲೈನ್ ಹೀಗೇ ಪದೇ ಪದೇ ತಪ್ಪುತ್ತಿತ್ತು. ಫೋನ್ ಹಿಡಿದು ಕೇಳಿದರೆ ಮಾತು ಮಾತ್ರ ಸ್ಪಷ್ಟ! ಆ ಲೈನ್ ಒಳಗೆ ಜಿ.729 ಎಂಬ, ಧ್ವನಿಯನ್ನು ತೀರಾ ಕುಗ್ಗಿಸಿ ಕಳಿಸುವ ಸಂಕೋಚನದಲ್ಲಿ ಓಡುತ್ತಿತ್ತು. ಮನುಷ್ಯರ ಮಾತಿಗೆ ಅದು ಸಾಕು, ಒತ್ತೊತ್ತಾಗಿ ಬರುವ ಸ್ವರಗಳು ಅದರಲ್ಲಿ ಕೆಡುತ್ತವೆ. ಅಷ್ಟು ಕುಗ್ಗಿಸದ ಜಿ.711ಕ್ಕೆ ಬದಲಿಸಿಕೊಂಡ ಮೇಲೆ ಸಿಗ್ನಲ್ ಸಲೀಸಾಗಿ ಬಂತು. ಲೈನ್ ಪರೀಕ್ಷೆಗೆ ಪ್ಯಾನಲ್‌ನಿಂದಲೇ ಕರೆ ಮಾಡಿಸಬೇಕು, ‘ಹಲೋ’ ಅಂದು ನೋಡಿದರೆ ಏನೂ ತಿಳಿಯುವುದಿಲ್ಲ.

ಹೊಸ ಪ್ಯಾನಲ್‌ಗಳು 4ಜಿ ಸಿಮ್ ಮೂಲಕ, ಎಸ್‌ಐಎ ಡಿಸಿ-09 ಎಂಬ, ಇಂಟರ್ನೆಟ್ ಮೂಲಕ ಅಲಾರಂ ಕಳಿಸುವ ಮಾನದಂಡದ ಪ್ರಕಾರ ಬರುತ್ತವೆ. ಗೂಢಲಿಪಿ ಹಾಕಿದ ಸಂದೇಶಕ್ಕೆ ಸಮಯದ ಮೊಹರು ಕಡ್ಡಾಯ. ಅದು ರಿಸೀವರ್ ಗಡಿಯಾರಕ್ಕಿಂತ 20 ಸೆಕೆಂಡಿಗೂ ಹೆಚ್ಚು ಮುಂದಿದ್ದರೆ ಅಥವಾ 40 ಸೆಕೆಂಡಿಗೂ ಹೆಚ್ಚು ಹಿಂದಿದ್ದರೆ ರಿಸೀವರ್ ತಿರಸ್ಕರಿಸಿ ತನ್ನ ಸಮಯವನ್ನು ಹೇಳಿ ಕಳಿಸುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ರಿಸೀವರ್ ಗಡಿಯಾರ ಸರಿ ಮಾಡಿದೆ.

ಇಷ್ಟು ಕೆಲಸ ಎಲ್ಲರೂ ಮಾಡುತ್ತಾರೆ. ನಾನು ಹೆಚ್ಚು ಹೊತ್ತು ಕೊಟ್ಟದ್ದು ಸಿಗ್ನಲ್ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ. ಟೆಸ್ಟ್ ಪ್ಯಾನಲ್‌ನ ಆಂಟೆನಾ ಕಳಚಿ ಸ್ಟಾಪ್‌ವಾಚ್ ಒತ್ತಿದೆ. ನಿಗದಿ ಮಾಡಿದ ಅವಧಿಯೊಳಗೆ ‘ಸಂಪರ್ಕ ಇಲ್ಲ’ ಎಂದು ಆಪರೇಟರ್ ಪರದೆಯಲ್ಲಿ ಬರಲೇಬೇಕು. ಆಮೇಲೆ ರಿಸೀವರ್‌ನಿಂದ ಕಂಪ್ಯೂಟರಿಗೆ ಹೋಗುವ ಸೀರಿಯಲ್ ಕೇಬಲ್ ಕಿತ್ತೆ. ರಿಸೀವರ್ ಪ್ಯಾನಲ್‌ಗೆ ‘ಸಿಕ್ಕಿತು’ ಅಂದುಬಿಡುತ್ತದೆ, ಕೋಣೆಯಲ್ಲಿ ಕೂತವರಿಗೆ ಮಾತ್ರ ಗೊತ್ತೇ ಆಗುವುದಿಲ್ಲ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ. ಆಗ ರಿಸೀವರ್ ತಾನೇ ಕೂಗಬೇಕು, ಘಟನೆಗಳನ್ನು ಹಿಡಿದಿಟ್ಟುಕೊಳ್ಳಬೇಕು, ಕೇಬಲ್ ಸಿಕ್ಕಿಸಿದಾಗ ಒಂದೂ ಬಿಡದೆ ಮೂಲ ಸಮಯದೊಂದಿಗೆ ಒಪ್ಪಿಸಬೇಕು. ಪ್ಯಾನಲ್‌ನ ದಾಖಲೆ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿದೆ.

ಕೊನೆಯದು ಕರೆಂಟ್ ಹೋಗುವ ಸಂಜೆಯ ಪರೀಕ್ಷೆ. ಒಂದು ಬಡಾವಣೆಯ ಕರೆಂಟ್ ಹೋದರೆ ‘ಕರೆಂಟ್ ಇಲ್ಲ’ ಎಂಬ 301 ಕೋಡ್‌ಗಳ ಪ್ರವಾಹವೇ ಬರುತ್ತದೆ. ಟೆಸ್ಟ್ ಖಾತೆಗಳಿಂದ ಅಂಥದೇ ಪ್ರವಾಹ ಹರಿಸಿ, ನಡುವೆ 120, ಅಂದರೆ ಪ್ಯಾನಿಕ್, ಕಳಿಸಿದೆ. ಮ್ಯಾನೇಜರ್‌ಗೆ ಮೊದಲೇ ಹೇಳಿದ್ದೆ, ಆಪರೇಟರ್‌ಗೆ ಹೇಳಿರಲಿಲ್ಲ. 120 ಪಟ್ಟಿಯ ತುದಿಗೆ ಕೆಂಪಾಗಿ ಏರಿತು. ಆಕೆ ಫೋನಿಗೆ ಕೈ ಹಾಕಿ ಕೇಳಿದರು, “ಸರ್, ಪ್ಯಾನಿಕ್ ಬಂದಿದೆ, 112ಕ್ಕೆ ಹೇಳ್ಲಾ?”

“ಬೇಡಮ್ಮಾ, ಟೆಸ್ಟು,” ಅಂದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅದಾದ ಮೇಲೆಯೇ.