ಕ್ರಿಸ್‌ಮಸ್‌ಗೆ ಊರಿಗೆ ಹೋಗೋಕಾಗದವರಿಗೆ

ರಜೆ ಸಿಗದೆ ಕೆಲಸದ ಊರಲ್ಲೇ ಉಳಿಯುವವರು ಮೊದಲು ಒಂದು ಹಟ ಬಿಡಿ. ಮನೆಯಲ್ಲಿ ಮಾಡುವ ಎಲ್ಲ ತಿಂಡಿಯೂ ಆಗಲೇಬೇಕು ಅಂತೇನಿಲ್ಲ. ಯಾವುದಿಲ್ಲದಿದ್ದರೆ ಹಬ್ಬ ಅನ್ನಿಸುವುದೇ ಇಲ್ಲವೋ ಅದೊಂದು ಮಾಡಿ, ಸಾಕು.

ನನ್ನ ಓಟು ಹಣ್ಣಿನ ಕೇಕ್‌ಗೆ. ಒಣದ್ರಾಕ್ಷಿ, ಖರ್ಜೂರ ಸಣ್ಣಗೆ ಹೆಚ್ಚಿ ರಮ್‌ನಲ್ಲಿ ಮುಳುಗುವಷ್ಟು ನೆನೆಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ರಮ್ ಬೇಡ ಅನ್ನೋರು ಕಿತ್ತಳೆ ರಸ ಹಾಕಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಹಣ್ಣು ಉಬ್ಬಿ ಮೆತ್ತಗಾಗಿರುತ್ತದೆ. ಒವನ್ ಇಲ್ಲವಾ? ದಪ್ಪ ತಳದ ಪಾತ್ರೆ, ಒಳಗೊಂದು ಸ್ಟ್ಯಾಂಡ್, ಸಣ್ಣ ಉರಿ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ ಅಂತ. ಪೂರ್ತಿ ತಣ್ಣಗಾಗದೆ ಮಾತ್ರ ಡಬ್ಬಿಗೆ ಹಾಕಬೇಡಿ. ಮುಚ್ಚಳದಲ್ಲಿ ಹನಿ ಕಟ್ಟಿ, ಅದು ಕೇಕ್ ಮೇಲೆ ಬಿದ್ದು ಬೂಷ್ಟು ಹಿಡಿಯುತ್ತದೆ. ಮನೆಯವರು ಪಾರ್ಸೆಲ್ ಕಳಿಸುವುದಾದರೂ ಇದೇ ಕೇಕ್ ಸರಿ, ಕ್ರೀಮ್ ಇರುವುದು ಬೇಡವೇ ಬೇಡ.

25ಕ್ಕೇ ಡ್ಯೂಟಿ ಬಿತ್ತಾ? ಬಿಡಿ. ಹಳೆಯ ಸಂಪ್ರದಾಯದಲ್ಲಿ ಕ್ರಿಸ್‌ಮಸ್ ಅಂದರೆ 12 ದಿನ, ಜನವರಿ 5ರವರೆಗೂ ನಡೆಯುತ್ತೆ, ರಷ್ಯಾದ ಆರ್ಥೊಡಾಕ್ಸ್ ಚರ್ಚಿನವರಂತೂ ಹಬ್ಬ ಮಾಡೋದೇ ಜನವರಿ 7ಕ್ಕೆ, ಹಾಗಾಗಿ ನಿಮಗೆ ವಾರದ ರಜೆ ಯಾವತ್ತಿದೆಯೋ ಅವತ್ತೇ ಊಟ ಇಟ್ಟುಕೊಳ್ಳಿ. ನಿಮ್ಮ ಹಾಗೇ ಒಂಟಿಯಾಗಿ ಉಳಿದ ಸಹೋದ್ಯೋಗಿಗಳನ್ನೂ ಕರೆಯಿರಿ, ಒಬ್ಬೊಬ್ಬರು ಒಂದೊಂದು ಪಾತ್ರೆ ತರಲಿ. ಮಾಂಸದ ಅಡುಗೆಯನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ, ಹರಟೆಯಲ್ಲಿ ಇದು ಮರೆತೇ ಹೋಗುತ್ತೆ.

ಇನ್ನು ವಿಡಿಯೋ ಕಾಲ್. ಊಟದ ಹೊತ್ತಿಗೆ ಅಲ್ಲಿ ಎಲ್ಲರಿಗೂ ಗಡಿಬಿಡಿ, ಸುಮ್ನೆ ಎರಡು ಮಾತಾಡಿ ಇಡ್ತಾರೆ. ಅಡುಗೆ ಮಾಡುವಾಗಲೇ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಮಾತಾಡಿ.