ಅಗ್ಗದ ಎಸ್‌ಎಂಪಿಎಸ್‌ನ ಖಾಲಿ ಜಾಗಗಳನ್ನು ತುಂಬುವ ಬಗೆ

ನನ್ನ ಮೇಜಿನ ಮೇಲೆ ಈಗ ಬಿಚ್ಚಿಟ್ಟಿರುವ ಎಸ್‌ಎಂಪಿಎಸ್‌ನ, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯ, ಚೀಟಿಯಲ್ಲಿ 450 ವ್ಯಾಟ್ ಎಂದಿದೆ. ಒಳಗಿನ ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಕಾಯಿಲ್‌ನ ಚಿತ್ರ ಬರೆದು ಅಚ್ಚು ಹಾಕಿರುವ ಜಾಗದಲ್ಲಿ ಕಾಯಿಲ್ ಇಲ್ಲ. ಅದರ ಬದಲು ಎರಡು ತುಂಡು ತಂತಿಗಳನ್ನು ಬೆಸೆದಿದ್ದಾರೆ. ಅದರ ಪಕ್ಕದಲ್ಲಿ ಕೆಪಾಸಿಟರ್‌ಗಾಗಿ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗಕ್ಕಾಗಿ) ಕೊರೆದ ತೂತುಗಳು ಖಾಲಿಯಾಗಿವೆ. ಈ ಬೋರ್ಡನ್ನು ವಿನ್ಯಾಸಗೊಳಿಸಿದವರು ಎಲ್ಲವನ್ನೂ ಸರಿಯಾಗಿಯೇ ಯೋಚಿಸಿದ್ದಾರೆ, ಕೆಲವು ರೂಪಾಯಿ ಉಳಿಸಲು ಭಾಗಗಳನ್ನು ಬಿಟ್ಟಿರುವುದು ಆಮೇಲಿನ ಕೆಲಸ. ಆದ್ದರಿಂದ ಇಂಥ ಎಸ್‌ಎಂಪಿಎಸ್‌ನ ದುರಸ್ತಿಯೆಂದರೆ ಬಹುಮಟ್ಟಿಗೆ ಬೋರ್ಡು ತಾನೇ ಕೇಳುತ್ತಿರುವ ಭಾಗಗಳನ್ನು ಅದಕ್ಕೆ ಒದಗಿಸುವುದು.

ಸೋಲ್ಡರಿಂಗ್ ಐರನ್ ಮತ್ತು ಮಲ್ಟಿಮೀಟರ್ ಬಳಸಿ ಅಭ್ಯಾಸವಿರುವವರು ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು. 230 ವೋಲ್ಟ್ ಎಸಿಯನ್ನು ನೇರಗೊಳಿಸಿದಾಗ ಸುಮಾರು 325 ವೋಲ್ಟ್ ಡಿಸಿ ಸಿಗುತ್ತದೆ. ಅದು ಸರಣಿಯಲ್ಲಿರುವ ಎರಡು ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು, 2.2 ಕಿಲೋಓಮ್, 10 ವ್ಯಾಟ್‌ನ ರೆಸಿಸ್ಟರ್‌ನ ಕಾಲುಗಳಿಗೆ ಇನ್ಸುಲೇಷನ್ ಇರುವ ತಂತಿ ಬೆಸೆದು, ಪ್ರತಿ ಕೆಪಾಸಿಟರ್‌ನ ಎರಡು ತುದಿಗಳಿಗೆ ಹತ್ತು ಸೆಕೆಂಡು ಹಿಡಿದು, ಕೊನೆಗೆ ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದಿದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಬೋರ್ಡನ್ನು ಮುಟ್ಟಬೇಕು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಪದ್ಧತಿಯನ್ನು ಬಿಟ್ಟುಬಿಡಿ. ಪ್ಲಗ್ ಹಾಕಿರುವಾಗ ಪ್ರೈಮರಿ ಕಡೆಯ, ಅಂದರೆ ಮೇನ್ಸ್ ಬರುವ ಕಡೆಯ, ಹೀಟ್‌ಸಿಂಕ್‌ನಲ್ಲಿಯೂ ಕರೆಂಟ್ ಇರಬಹುದು ಎಂಬುದು ನೆನಪಿರಲಿ.

ನಾನಿಲ್ಲಿ ಹೇಳುತ್ತಿರುವುದು ಎರಡು ಟ್ರಾನ್ಸಿಸ್ಟರ್‌ಗಳು ಸರದಿಯಂತೆ ಆನ್ ಆಫ್ ಆಗುವ ಹಳೆಯ ಹಾಫ್ ಬ್ರಿಡ್ಜ್ ಮಾದರಿಯ ಬಗ್ಗೆ. ಟಿಎಲ್494 ಅಥವಾ ಅದಕ್ಕೆ ಸಮನಾದ ಕೆಎ7500 ಎಂಬ ನಿಯಂತ್ರಕ ಐಸಿ, 200 ವೋಲ್ಟ್‌ನ ಎರಡು ಕೆಪಾಸಿಟರ್‌ಗಳು, ಹೀಟ್‌ಸಿಂಕ್‌ಗೆ ಬಿಗಿದ ಎರಡು 13007 ಟ್ರಾನ್ಸಿಸ್ಟರ್‌ಗಳು ಕಂಡರೆ ಅದೇ ಮಾದರಿ ಎಂದು ತಿಳಿಯಬಹುದು.

ಮೊದಲು ಮೇನ್ಸ್ ಬರುವ ಕಡೆಯಿಂದ ಆರಂಭಿಸೋಣ. ತಂತಿ ಬೆಸೆದಿರುವ ಜಾಗಕ್ಕೆ ವಿದ್ಯುತ್ ಗದ್ದಲವನ್ನು ಸೋಸುವ ಕಾಮನ್ ಮೋಡ್ ಕಾಯಿಲ್ ಬರಬೇಕು. ಗುಜರಿಯಲ್ಲಿ ಸಿಗುವ ಹಳೆಯ, ತೂಕದ ಎಸ್‌ಎಂಪಿಎಸ್‌ಗಳಲ್ಲಿ ಒಳ್ಳೆಯ ಕಾಯಿಲ್‌ಗಳಿರುತ್ತವೆ. ಲೈನ್ ಮತ್ತು ನ್ಯೂಟ್ರಲ್ ನಡುವೆ 0.22 ಮೈಕ್ರೋಫ್ಯಾರಡ್‌ನ ಎಕ್ಸ್2 ಕೆಪಾಸಿಟರ್, ಎರಡೂ ತಂತಿಗಳಿಂದ ಕವಚಕ್ಕೆ 2.2 ನ್ಯಾನೋಫ್ಯಾರಡ್‌ನ ವೈ ಕೆಪಾಸಿಟರ್‌ಗಳನ್ನು ಹಾಕಬೇಕು. ಈ ಜಾಗಗಳಲ್ಲಿ ಮೇನ್ಸ್‌ನಲ್ಲಿ ಬಳಸಲು ಸುರಕ್ಷಿತವೆಂದು ಎಕ್ಸ್ ಮತ್ತು ವೈ ಗುರುತಿರುವ ಭಾಗಗಳನ್ನೇ ಹಾಕಬೇಕು, ವೋಲ್ಟೇಜ್ ಸರಿಯಿದೆಯೆಂದು ಸಾಮಾನ್ಯ ಕೆಪಾಸಿಟರ್ ಹಾಕಕೂಡದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ವೈ ಕೆಪಾಸಿಟರ್‌ಗಳಿರುವ ಕಂಪ್ಯೂಟರನ್ನು ಅರ್ಥಿಂಗ್ ಇಲ್ಲದ ಸಾಕೆಟ್‌ಗೆ ಹಾಕಿದರೆ ಕವಚದ ಮೇಲೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ, ನಮ್ಮ ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವುದಕ್ಕೆ ಇದು ಸಾಮಾನ್ಯ ಕಾರಣ. ಅದಕ್ಕೆ ಪರಿಹಾರ ಸಾಕೆಟ್‌ಗೆ ಅರ್ಥಿಂಗ್ ಕೊಡಿಸುವುದೇ ಹೊರತು ಕೆಪಾಸಿಟರನ್ನು ಕತ್ತರಿಸುವುದಲ್ಲ.

ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದರ ತಂತಿಗಳನ್ನು ಬೋರ್ಡಿನಿಂದ ಬಿಚ್ಚಿ ತೆಗೆದುಬಿಡಿ. ಆ ಸ್ವಿಚ್ 115ರ ಕಡೆಗೆ ಸರಿದಿದ್ದಾಗ ನಮ್ಮ 230 ವೋಲ್ಟ್ ಕೊಟ್ಟರೆ ವೋಲ್ಟೇಜ್ ದುಪ್ಪಟ್ಟಾಗಿ, 400 ವೋಲ್ಟ್ ತಡೆಯಬಲ್ಲ ಕೆಪಾಸಿಟರ್ ಜೋಡಿಗೆ ಸುಮಾರು 650 ವೋಲ್ಟ್ ಬರುತ್ತದೆ, ಅವು ಸಿಡಿಯುತ್ತವೆ. ಭಾರತದಲ್ಲಿ ಬಳಸುವ ಯಂತ್ರಕ್ಕೆ ಈ ಸ್ವಿಚ್‌ನಿಂದ ಯಾವ ಪ್ರಯೋಜನವೂ ಇಲ್ಲ. ದೊಡ್ಡ ಕೆಪಾಸಿಟರ್‌ಗಳನ್ನು ಕಳಚಿ ಅಳೆದು ನೋಡುವುದೂ ಒಳ್ಳೆಯದು, ಏಕೆಂದರೆ ಅಗ್ಗದವುಗಳಲ್ಲಿ ಮೈಮೇಲೆ ಬರೆದಷ್ಟು ಮೈಕ್ರೋಫ್ಯಾರಡ್ ಒಳಗೆ ಇರದಿರುವುದು ಅಪರೂಪವೇನಲ್ಲ. ಒಂದೇ ಬಗೆಯ 470 ಮೈಕ್ರೋಫ್ಯಾರಡ್, 200 ವೋಲ್ಟ್‌ನ ಹೊಸ ಜೋಡಿಯನ್ನು ಹಾಕಿದರೆ ಸಾಕು.

ಇನ್ನು ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಭಾಗಕ್ಕೆ ಬರುತ್ತೇನೆ. ನೇರಳೆ ಬಣ್ಣದ ತಂತಿಯಲ್ಲಿ ಬರುವ 5 ವೋಲ್ಟ್ ಸ್ಟ್ಯಾಂಡ್‌ಬೈ, ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ ಇರುವಷ್ಟು ಹೊತ್ತೂ ಮದರ್‌ಬೋರ್ಡಿಗೆ ಹರಿಯುತ್ತಿರುತ್ತದೆ. ಇದನ್ನು ತಯಾರಿಸಲು ಪ್ರತ್ಯೇಕವಾದ ಚಿಕ್ಕ ಟ್ರಾನ್ಸ್‌ಫಾರ್ಮರ್ ಇದೆ. ಹಲವು ಅಗ್ಗದ ಬೋರ್ಡುಗಳಲ್ಲಿ ಈ ಸರ್ಕ್ಯೂಟ್ ತನ್ನ ಔಟ್‌ಪುಟ್ಟನ್ನು ನೇರವಾಗಿ ನೋಡಿಕೊಳ್ಳುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ತಂತಿಸುತ್ತಿನ ವೋಲ್ಟೇಜನ್ನು ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ತುಂಬಿಸಿ, ಅದನ್ನು ನೋಡಿ ಅಂದಾಜು ಮಾಡಿಕೊಳ್ಳುತ್ತದೆ. ಆ ಕೆಪಾಸಿಟರ್ ಸಾಮಾನ್ಯವಾಗಿ 10ರಿಂದ 47 ಮೈಕ್ರೋಫ್ಯಾರಡ್, 50 ವೋಲ್ಟ್‌ನದ್ದು, ಕಡಲೆಕಾಳಿಗಿಂತ ತುಸು ದೊಡ್ಡದು, ಬಹಳ ಸಲ ಬಿಸಿಯಾಗುವ ರೆಸಿಸ್ಟರ್‌ಗೆ ಅಂಟಿಕೊಂಡೇ ಕೂತಿರುತ್ತದೆ. ವರ್ಷಗಟ್ಟಲೆ ಕಾದು ಅದು ಒಣಗಿತೆಂದರೆ ಸರ್ಕ್ಯೂಟ್‌ಗೆ ವೋಲ್ಟೇಜ್ ಕಡಿಮೆಯಾಗಿದೆ ಎಂಬ ಭ್ರಮೆಯುಂಟಾಗಿ ಇನ್ನಷ್ಟು ಬಲವಾಗಿ ತಳ್ಳತೊಡಗುತ್ತದೆ, ನೇರಳೆ ತಂತಿಯ ವೋಲ್ಟೇಜ್ ಏರುತ್ತದೆ. ಚಿಕ್ಕಪ್ಪನ ಮಗನ ಕಂಪ್ಯೂಟರಿನ ಮದರ್‌ಬೋರ್ಡ್ ರಾತ್ರಿ ಆಫ್ ಆಗಿದ್ದಾಗಲೇ ಸುಟ್ಟುಹೋದದ್ದು ಹೀಗೆ. ಆ ಎಸ್‌ಎಂಪಿಎಸ್‌ನ ನೇರಳೆ ತಂತಿಯಲ್ಲಿ ನನ್ನ ಮೀಟರ್ 7 ವೋಲ್ಟ್‌ಗೂ ಹೆಚ್ಚು ತೋರಿಸಿತು. ಪುಟ್ಟ ಕೆಪಾಸಿಟರ್‌ನ ಪ್ಲಾಸ್ಟಿಕ್ ಹೊದಿಕೆ ಬಿಸಿಗೆ ಮುದುಡಿ ಮೇಲಕ್ಕೆ ಸರಿದಿತ್ತು, ಕೆಳಗಿನ ಬೋರ್ಡ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಎರಡು ಮೂರು ರೂಪಾಯಿಯ ಆ ಭಾಗವನ್ನು ಮೊದಲೇ ಬದಲಿಸಿದ್ದರೆ ಒಂದು ಕಂಪ್ಯೂಟರ್ ಉಳಿಯುತ್ತಿತ್ತು ಎಂಬುದು ಇಂದಿಗೂ ನನ್ನ ಮನಸ್ಸಿಗೆ ನೋವು ಕೊಡುವ ಸಂಗತಿ. ಬೇರೇನನ್ನೂ ಮಾಡಲು ಪುರಸೊತ್ತಿಲ್ಲದವರು ಇದೊಂದನ್ನಾದರೂ 105 ಡಿಗ್ರಿ ತಡೆಯುವ ಉತ್ತಮ ಕೆಪಾಸಿಟರ್‌ಗೆ ಬದಲಿಸಿ, ಕಾಲುಗಳನ್ನು ತುಸು ಉದ್ದ ಬಿಟ್ಟು ರೆಸಿಸ್ಟರ್‌ನಿಂದ ದೂರಕ್ಕೆ ಬಾಗಿಸಿ ಬೆಸೆಯಿರಿ. ದೊಡ್ಡ ಟ್ರಾನ್ಸಿಸ್ಟರ್‌ಗಳ ಬೇಸ್‌ಗೆ ಹೋಗುವ ದಾರಿಯಲ್ಲಿರುವ ಎರಡು ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೂ ಹೀಗೆಯೇ ಒಣಗುವುದರಿಂದ ಅವನ್ನೂ ಅಷ್ಟೇ ಮೈಕ್ರೋಫ್ಯಾರಡ್ ಮತ್ತು ವೋಲ್ಟ್‌ನ ಹೊಸವುಗಳಿಗೆ ಬದಲಿಸಬೇಕು.

ಔಟ್‌ಪುಟ್ ಕಡೆಯಲ್ಲಿ ತಲೆ ಉಬ್ಬಿದ ಕೆಪಾಸಿಟರ್‌ಗಳು ತಾವಾಗಿ ಕಾಣುತ್ತವೆ, ಉಬ್ಬದೆಯೂ ಕೆಟ್ಟಿರಬಹುದಾದ್ದರಿಂದ ಎಲ್ಲವನ್ನೂ ಬದಲಿಸುವುದು ಕ್ಷೇಮ. 5 ಮತ್ತು 3.3 ವೋಲ್ಟ್‌ಗೆ 2200 ಮೈಕ್ರೋಫ್ಯಾರಡ್, 10 ವೋಲ್ಟ್. 12 ವೋಲ್ಟ್‌ಗೆ ಅಷ್ಟೇ ಮೈಕ್ರೋಫ್ಯಾರಡ್‌ನ 16 ವೋಲ್ಟ್. ಎಲ್ಲವೂ ಕಡಿಮೆ ಇಎಸ್‌ಆರ್‌ನ (ಒಳಗಿನ ರೋಧ ಕಡಿಮೆಯಿರುವ), 105 ಡಿಗ್ರಿಯವು. ಕೊಳ್ಳುವ ಮುನ್ನ ಜಾಗದ ಅಗಲವನ್ನು ಅಳೆದುಕೊಳ್ಳಿ, ಏಕೆಂದರೆ ದಪ್ಪನೆಯದು ಪಕ್ಕದ ಕಾಯಿಲ್‌ಗೆ ತಾಗಿ ಕೂರುವುದೇ ಇಲ್ಲ. ಕೆಪಾಸಿಟರ್‌ಗಳ ನಡುವಿನ ಚಿಕ್ಕ ಕಾಯಿಲ್‌ನ ಜಾಗದಲ್ಲಿಯೂ ತಂತಿ ಇದ್ದರೆ ಫೆರೈಟ್ ಕಡ್ಡಿಗೆ ದಪ್ಪ ಎನಾಮಲ್ ತಂತಿ ಸುತ್ತಿದ ಕಾಯಿಲ್ ಹಾಕಿ. 12 ವೋಲ್ಟ್ ಔಟ್‌ಪುಟ್‌ನ ಡಯೋಡ್ ಕಡಿಮೆ ಶಕ್ತಿಯದಾಗಿದ್ದರೆ 20 ಆಂಪಿಯರ್, 100 ವೋಲ್ಟ್‌ನ ಶಾಟ್ಕಿ ಡಯೋಡ್ ಹಾಕಬಹುದು; 5 ವೋಲ್ಟ್‌ಗೆ ಬಳಸುವ 45 ವೋಲ್ಟ್‌ನ ಡಯೋಡ್ ಇಲ್ಲಿ ತಾಳುವುದಿಲ್ಲ. ಹೀಟ್‌ಸಿಂಕ್‌ಗೆ ಬಿಗಿಯುವಾಗ ಮೈಕಾ ಹಾಳೆ, ಬುಷ್ ಮತ್ತು ಪೇಸ್ಟ್ ಮರೆಯಬೇಡಿ. ಬಿಗಿದ ಮೇಲೆ ಡಯೋಡ್‌ಗೂ ಹೀಟ್‌ಸಿಂಕ್‌ಗೂ ಸಂಪರ್ಕವಿಲ್ಲವೆಂದು ಮೀಟರ್‌ನಲ್ಲಿ ನೋಡಿ.

ಮೊದಲ ಸಲ ಕರೆಂಟ್ ಕೊಡುವಾಗ ಫಿಲಮೆಂಟ್ ಇರುವ 100 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಬೇಕು. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಡಯೋಡ್‌ಗಳನ್ನೂ 13007ಗಳನ್ನೂ ಮತ್ತೆ ಪರೀಕ್ಷಿಸಿ. ಮೊದಲು ನೇರಳೆ ತಂತಿಯನ್ನು ಅಳೆಯಿರಿ. ಅದು 4.75 ಮತ್ತು 5.25 ವೋಲ್ಟ್ ನಡುವೆ ಇದ್ದರೆ ಮಾತ್ರ ಕೆಂಪು (5 ವೋಲ್ಟ್) ಮತ್ತು ಕಪ್ಪು (ಗ್ರೌಂಡ್) ತಂತಿಗಳ ನಡುವೆ 10 ಓಮ್, 10 ವ್ಯಾಟ್‌ನ ರೆಸಿಸ್ಟರ್ ಹಾಕಿ, ಎಸ್‌ಎಂಪಿಎಸ್ ಆನ್ ಮಾಡಲು ಹಸಿರು ತಂತಿಯನ್ನು ಕಪ್ಪಿಗೆ ಜೋಡಿಸಿ. ಹಳದಿ ತಂತಿಯಲ್ಲಿ 11.4ರಿಂದ 12.6, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಆಮೇಲೆ ಸೀರೀಸ್ ಬಲ್ಬ್ ತೆಗೆದು ನಿಜವಾದ ಭಾರ (ಲೋಡ್) ಕೊಡಿ. ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ 12 ವೋಲ್ಟ್‌ನಲ್ಲಿ ನಾಲ್ಕೂವರೆ ಆಂಪಿಯರ್‌ನಷ್ಟು ಎಳೆಯುತ್ತದೆ. ತಣ್ಣಗಿರುವ ಫಿಲಮೆಂಟ್ ಕ್ಷಣಕಾಲ ಹಲವು ಪಟ್ಟು ಎಳೆಯುವುದರಿಂದ ಎರಡು ಬಲ್ಬ್‌ಗಳನ್ನು ಒಟ್ಟಿಗೆ ಹಾಕಿದರೆ ಎಸ್‌ಎಂಪಿಎಸ್ ಟ್ರಿಪ್ ಆಗಬಹುದು, ಒಂದಾದ ಮೇಲೊಂದು ಹಾಕಿ.

ಇದನ್ನೇ ಮೇಜಿನ ಮೇಲಿನ ಪ್ರಯೋಗಗಳಿಗೆ ಬಳಸುವುದಾದರೆ 10 ಓಮ್‌ನ ಆ ರೆಸಿಸ್ಟರನ್ನು ಕವಚಕ್ಕೆ ಬಿಗಿದು ಅಲ್ಲಿಯೇ ಉಳಿಸಿ, ಹಸಿರು ತಂತಿಗೆ ಸ್ವಿಚ್ ಕೊಟ್ಟು, ಒಂದೇ ಬಣ್ಣದ ನಾಲ್ಕೈದು ತಂತಿಗಳನ್ನು ಸೇರಿಸಿ ಒಂದೊಂದು ಟರ್ಮಿನಲ್‌ಗೆ ತರಬೇಕು; ಒಂದೇ ತೆಳು ತಂತಿಯಲ್ಲಿ ಹೆಚ್ಚು ಆಂಪಿಯರ್ ಹರಿಸಿದರೆ ಅದು ಕಾಯುತ್ತದೆ. ಐಸಿಯ 1ನೇ ಪಿನ್‌ಗೆ ಬರುವ ರೆಸಿಸ್ಟರ್‌ಗಳನ್ನು ಬದಲಿಸಿ 13.8 ವೋಲ್ಟ್ ಪಡೆಯುವವರಿದ್ದಾರೆ. 5 ಮತ್ತು 12 ವೋಲ್ಟ್‌ಗಳು ಒಟ್ಟಿಗೆ ನಿಯಂತ್ರಣಗೊಳ್ಳುವುದರಿಂದ 12 ಏರಿದರೆ 5 ಸಹ ಏರುತ್ತದೆ, ಹಾಗೆ ಮಾರ್ಪಡಿಸಿದ್ದನ್ನು ಮತ್ತೆಂದೂ ಕಂಪ್ಯೂಟರಿಗೆ ಜೋಡಿಸಕೂಡದು. 12 ವೋಲ್ಟ್ ಔಟ್‌ಪುಟ್‌ನ ಕೆಪಾಸಿಟರ್‌ಗಳನ್ನೂ 25 ವೋಲ್ಟ್‌ನವಕ್ಕೆ ಬದಲಿಸಬೇಕು.

ಎಷ್ಟೇ ಭಾಗಗಳನ್ನು ಹಾಕಿದರೂ ಮುಖ್ಯ ಟ್ರಾನ್ಸ್‌ಫಾರ್ಮರ್ ಹಳೆಯದೇ, ಅದರ ಗಾತ್ರ ಬೆಳೆಯುವುದಿಲ್ಲ. ನನ್ನ ಮೇಜಿನ ಮೇಲಿನದು ಎರಡು ಹೆಡ್‌ಲೈಟ್ ಬಲ್ಬ್‌ಗಳನ್ನೂ 5 ವೋಲ್ಟ್‌ನ ಮೇಲೆ 25 ವ್ಯಾಟ್‌ನ ಭಾರವನ್ನೂ ಒಂದು ಗಂಟೆ ಹೊತ್ತುಕೊಂಡಿತು, ಫ್ಯಾನಿನಿಂದ ಬಂದ ಗಾಳಿ ಬೆಚ್ಚಗಿತ್ತು ಅಷ್ಟೆ. 450 ವ್ಯಾಟ್ ಎಂಬ ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿ, 150 ವ್ಯಾಟ್ ಎಂದೂ ಕೆಪಾಸಿಟರ್ ಬದಲಿಸಿದ ತಿಂಗಳನ್ನೂ ಬರೆದು ಮುಚ್ಚಳ ಹಾಕಿದ್ದೇನೆ.