ಫಾನ್ಸೊಲೊದ ವಿಲ್ಲಾ ಎಮೊ: ಕಣಜದ ಕಡೆಯಿಂದ ನೋಡುವ ಕ್ರಮ

ಇಟಲಿಯ ವೆನೆಟೊ ಸೀಮೆಯಲ್ಲಿ, ಕಾಸ್ತೆಲ್‌ಫ್ರಾಂಕೊ ಪಟ್ಟಣದ ಹತ್ತಿರ ಫಾನ್ಸೊಲೊ ಎಂಬ ಹಳ್ಳಿಯಿದೆ. ಅಲ್ಲಿನ ವಿಲ್ಲಾ ಎಮೊ ನೋಡಲು ಬಂದವರಲ್ಲಿ ಹೆಚ್ಚಿನವರು ನೇರವಾಗಿ ನಡುವಿನ ನಾಲ್ಕು ಕಂಬಗಳ ಎದುರು ನಿಲ್ಲುತ್ತಾರೆ, ಮೇಲೆ ಹತ್ತಿ ಒಳಗಿನ ಭಿತ್ತಿಚಿತ್ರ ನೋಡುತ್ತಾರೆ, ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಬೇಸಾಯ ನಡೆಸಲೆಂದೇ ಕಟ್ಟಿದ ಮನೆ ಅರಮನೆಯ ಹಾಗೆ ಕಂಡುಬಿಡುತ್ತದೆ. ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ಮನೆ ತಾನೇ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹೋಗುವ ಮೊದಲು ಇಷ್ಟು ಇತಿಹಾಸ ತಿಳಿದಿದ್ದರೆ ಸಾಕು. 1509ರಲ್ಲಿ ಅನ್ಯಾದೆಲ್ಲೊ ಯುದ್ಧದಲ್ಲಿ ಸೋತ ವೆನಿಸ್ ಒಳನಾಡಿನ ಭೂಮಿಯನ್ನು ಬಹುಪಾಲು ಕಳೆದುಕೊಂಡು, ಮುಂದಿನ ವರ್ಷಗಳಲ್ಲಿ ಮತ್ತೆ ಪಡೆಯಿತು. ಆಮೇಲೆ ಸಮುದ್ರ ವ್ಯಾಪಾರದ ಹಣ ಮಣ್ಣಿನ ಕಡೆ ತಿರುಗಿತು. 1556ರಲ್ಲಿ ಪಾಳುಬಿದ್ದ ಜಮೀನನ್ನು ಸಾಗುವಳಿಗೆ ತರಲೆಂದೇ ವೆನಿಸ್ ಗಣರಾಜ್ಯ ಒಂದು ಇಲಾಖೆ ತೆರೆಯಿತು. ಜೌಗು ಬಸಿದು, ಕಾಲುವೆ ತೋಡಿ, ಜಮೀನಿನ ಮೇಲೆ ಕಣ್ಣಿಟ್ಟು ಕೂರಲು ಶ್ರೀಮಂತರಿಗೆ ಹಳ್ಳಿಯಲ್ಲೊಂದು ಮನೆ ಬೇಕಾಯಿತು. ಅಂಥ ಮನೆಯನ್ನೇ ಲಿಯೊನಾರ್ಡೊ ಎಮೊ 1550ರ ದಶಕದ ಕೊನೆಯ ಹೊತ್ತಿಗೆ ವಾಸ್ತುಶಿಲ್ಪಿ ಆಂದ್ರೆಯಾ ಪಲ್ಲಾಡಿಯೊನಿಂದ ಕಟ್ಟಿಸಿದ. 2004ರವರೆಗೂ ಅದು ಎಮೊ ಮನೆತನದ ಕೈಯಲ್ಲೇ ಇತ್ತು.

ಜೊತೆಗೆ ಮೂರು ವಸ್ತು ಇರಲಿ: ಬಟ್ಟೆಯ ಟೇಪು, ಲೇಸರ್ ಅಳತೆ ಉಪಕರಣ, ಪಲ್ಲಾಡಿಯೊ 1570ರಲ್ಲಿ ಅಚ್ಚು ಹಾಕಿಸಿದ ಈ ಮನೆಯ ನಕ್ಷೆಯ ಒಂದು ಪ್ರತಿ. ಅಳೆಯುವ ಮುನ್ನ ಅನುಮತಿ ಕೇಳಿ. ಚಿತ್ರವಿರುವ ಗೋಡೆಗೆ ಟೇಪು, ಬೆರಳು ಏನೂ ತಾಗಕೂಡದು. ಒಳಗೆ ಲೇಸರ್ ಮಾತ್ರ.

ಮೊದಲು ಒಂದು ತುದಿಯ ಗೋಪುರಕ್ಕೆ ಹೋಗಿ. ಅದು ಪಾರಿವಾಳದ ಗೂಡು: ಮಾಂಸಕ್ಕೆ, ಹೊಲದ ಗೊಬ್ಬರಕ್ಕೆ ಪಾರಿವಾಳ ಬೇಕಿತ್ತು. ಗೂಡುಗಳು ಯಜಮಾನನಿಗೆ ಆದಾಯ, ಜಾಗಕ್ಕೆ ಅಲಂಕಾರ ಎಂದು ಪಲ್ಲಾಡಿಯೊನೇ ಬರೆದಿದ್ದಾನೆ. ಅಲ್ಲಿಂದ ಮನೆಯವರೆಗೆ ಕಮಾನುಗಳ ಸಾಲು, ಒಂದೊಂದು ಪಕ್ಕಕ್ಕೆ 11. ಇದೇ ಬಾರ್ಕೆಸ್ಸಾ. ನೆಲಮಾಳಿಗೆಯ ಸಾಮಾನು, ಕಾಳು, ದನಕರು ಎಲ್ಲಕ್ಕೂ ಇಲ್ಲಿಯೇ ಜಾಗ. ಮಳೆ ಸುರಿದರೂ ನೆನೆಯದೆ ಈ ತುದಿಯಿಂದ ಆ ತುದಿಗೆ ನಡೆಯಬಹುದು. ಹಳ್ಳಿಮನೆಗೆ ಬೇಕಾದ ಮುಖ್ಯ ಸೌಕರ್ಯಗಳಲ್ಲಿ ಅವನು ಇದನ್ನೂ ಎಣಿಸುತ್ತಾನೆ. ಕಮಾನಿನ ಸಾಲು ನಿಧಾನವಾಗಿ ದಾಟಿ. ಮನೆಯ ಅಂದವೆಲ್ಲ ಈ ಉದ್ದದಲ್ಲಿದೆ ಎನ್ನುವುದು ಕಾಲಿಗೇ ಗೊತ್ತಾಗುತ್ತದೆ.

ಈಗ ಗೋಡೆಗೆ ಹತ್ತಿರವಾಗಿ. ಪಲ್ಲಾಡಿಯೊ ವಿಲ್ಲಾಗಳ ಹೆಚ್ಚಿನ ಕಂಬಗಳೂ ಗೋಡೆಗಳೂ ಇಟ್ಟಿಗೆಯವು, ಮೇಲೆ ಸುಣ್ಣದ ಗಾರೆ. ಕೆತ್ತನೆ ಬೇಕಾದ ಕಡೆ, ಪೆಟ್ಟು ಬೀಳುವ ಕಡೆ ಮಾತ್ರ ಕಲ್ಲು. ಖರ್ಚು ಉಳಿದದ್ದು ಹೀಗೆ. ಇಂಥ ಯಾವ ಕಟ್ಟಡದಲ್ಲೂ ಗಾರೆ ಉದುರಿದ್ದರೆ ಅದು ಸಾಮಾನ್ಯವಾಗಿ ನೆಲದಿಂದ ಮೊಣಕಾಲು, ಸೊಂಟದ ಎತ್ತರದೊಳಗೆ ಇರುತ್ತದೆ. ಇಟ್ಟಿಗೆ ನೆಲದ ನೀರನ್ನು ಹೀರಿ ಮೇಲೇರಿಸುತ್ತದೆ; ನೀರು ಆರಿದಾಗ ಅದರಲ್ಲಿದ್ದ ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಅಲ್ಲಿ ಬಿಳಿ ಪುಡಿಯ ಗೆರೆ ಕಾಣುತ್ತದೆ. ಅದರ ಪಕ್ಕ ಬೂದು ಬಣ್ಣದ, ನುಣುಪಾದ, ಸುತ್ತ ಬಿರುಕು ಬಿಟ್ಟ ತೇಪೆ ಕಂಡರೆ ಅದು ಸಿಮೆಂಟು. ಸುಣ್ಣದಂತೆ ಅದು ತೇವವನ್ನು ಹೊರಬಿಡುವುದಿಲ್ಲ, ನೀರು ತೇಪೆಯ ಮೇಲಂಚಿನವರೆಗೆ ಏರಿ ಅಲ್ಲಿ ಹೊಸದಾಗಿ ಒಡೆಯುತ್ತದೆ. ಹಳೆಯ ಕಟ್ಟಡಕ್ಕೆ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಟ್ಟ ಕೆಲಸ ಇದು.

ನಡುವಿನ ಮನೆ ಎತ್ತರದ ತಳದ ಮೇಲೆ ಕೂತಿದೆ. ಎದುರಿನ ಅಗಲವಾದ ಇಳಿಜಾರು ಕಾಳು ಬಡಿಯುವ ಕಣವೂ ಆಗಿತ್ತು ಎಂಬ ವಾದವಿದೆ. ಕಿಟಕಿಗಳಿಗೆ ಚೌಕಟ್ಟಿನ ಅಲಂಕಾರವೇ ಇಲ್ಲ ಎನ್ನುವುದನ್ನು ಗುರುತು ಹಾಕಿಕೊಳ್ಳಿ. ಪಲ್ಲಾಡಿಯೊನ ಅತಿ ಬೋಳಾದ, ನನಗೆ ಅತಿ ಪ್ರಿಯವಾದ ಮನೆ ಮುಂಭಾಗಗಳಲ್ಲಿ ಇದೊಂದು.

ಕಂಬದ ಅಳತೆ ಹೀಗೆ: ಪೀಠದ ಸ್ವಲ್ಪ ಮೇಲೆ ಟೇಪು ಸುತ್ತಿ, ಬಂದದ್ದನ್ನು 3.14ರಿಂದ ಭಾಗಿಸಿದರೆ ವ್ಯಾಸ. ಸುತ್ತಳತೆ 2 ಮೀಟರ್ ಆದರೆ ವ್ಯಾಸ ಸುಮಾರು 64 ಸೆಂ.ಮೀ. ಪಲ್ಲಾಡಿಯೊನ ಲೆಕ್ಕದಲ್ಲಿ ಕಂಬದ ಶೈಲಿಗೆ ತಕ್ಕಂತೆ ಎತ್ತರ ಬೇರೆ: ಟಸ್ಕನ್ ಕಂಬದ ಎತ್ತರ ವ್ಯಾಸದ 7 ಪಟ್ಟು, ಅಯಾನಿಕ್ 9, ಕೊರಿಂಥಿಯನ್ ಒಂಬತ್ತೂವರೆ. ಎದೆಯೆತ್ತರದ ಮೇಲೆ ಸುತ್ತಿ ಮೋಸಹೋಗಬೇಡಿ: ಕಂಬ ಕೆಳಗಿನ ಮೂರನೇ ಒಂದು ಭಾಗ ನೆಟ್ಟಗೆ ನಿಂತು, ಅಲ್ಲಿಂದ ಮೇಲೆ ಸಣ್ಣಗಾಗುತ್ತ ಹೋಗುತ್ತದೆ.

ಒಳಗಿನ ಲೆಕ್ಕವೇ ನಿಜವಾದ ಸೊಗಸು. ಅಚ್ಚಾದ ನಕ್ಷೆಯಲ್ಲಿ 16 ಮತ್ತು 27 ಎಂಬ ಎರಡು ಅಂಕಿ ಮತ್ತೆ ಮತ್ತೆ ಬರುತ್ತವೆ: 16×16, 16×27, 27×27. ಇವು ವಿಚೆನ್ಸಾ ನಗರದ ಅಳತೆಯ ಅಡಿಗಳು, ಒಂದಕ್ಕೆ ಸುಮಾರು 35.7 ಸೆಂ.ಮೀ. ಅಂದರೆ 16 ಅಡಿ 5.71 ಮೀಟರ್, 27 ಅಡಿ 9.64 ಮೀಟರ್. ಹೆಚ್ಚಿನವರು ತಪ್ಪುವುದು ಇಲ್ಲಿ. ವೆನಿಸ್ ಅಡಿ ಸುಮಾರು 34.8 ಸೆಂ.ಮೀ., ತ್ರೆವಿಸೊ ಅಡಿ 40.8. ಕಟ್ಟಡ ತ್ರೆವಿಸೊ ಸೀಮೆಯದೆಂದು ಆ ಅಡಿ ಹಿಡಿದರೆ ಯಾವ ಅಂಕಿಯೂ ಕೂಡುವುದಿಲ್ಲ. ಗೋಡೆಯಿಂದ ಗೋಡೆಗೆ ಒಳ ಅಳತೆಯನ್ನೇ ತೆಗೆದುಕೊಳ್ಳಿ. ಚೌಕದ ಕೋಣೆಯಾದರೆ ಕರ್ಣವನ್ನೂ ನೋಡಿ. 27 ಅಡಿಯ ನಡುಮನೆಗೆ ಕರ್ಣ 13.63 ಮೀಟರ್ ಬರಬೇಕು. ಎರಡು ಕರ್ಣ ಒಂದಾಗದಿದ್ದರೆ ಕೋಣೆ ಓರೆ ಇದೆ, ಬರೀ ಬದಿ ಅಳೆದರೆ ಅದು ತಿಳಿಯುವುದೇ ಇಲ್ಲ. ಗಾರೆಯ ದಪ್ಪಕ್ಕೆ ಕೆಲವು ಸೆಂ.ಮೀ. ಬಿಟ್ಟುಕೊಡಿ.

ಪಲ್ಲಾಡಿಯೊ ಮೆಚ್ಚಿದ ಏಳು ಕೋಣೆ ಆಕಾರಗಳಲ್ಲಿ 3:5 ಇದೆ, 16:27 ಇಲ್ಲ. ಉದ್ದ 27 ಅಡಿ ಇದ್ದಾಗ ಎರಡಕ್ಕೂ ಅಗಲದಲ್ಲಿರುವ ವ್ಯತ್ಯಾಸ 0.2 ಅಡಿ, ಅಂದರೆ ಸುಮಾರು 7 ಸೆಂ.ಮೀ. ಇದು ಬರೀ ಅಂದಾಜೋ, ಬೇಕೆಂದೇ ಆರಿಸಿದ ಅಂಕಿಯೋ ಎಂಬ ಚರ್ಚೆ ಇದೆ. ಸಂಗೀತದ ಕಿವಿಯವರಿಗೆ ಇಷ್ಟು ಹೇಳಿದರೆ ಸಾಕು: 27:16 ಎಂದರೆ ಷಡ್ಜದಿಂದ ಚತುಶ್ರುತಿ ಧೈವತಕ್ಕೆ ಶಾಸ್ತ್ರ ಹೇಳುವ ಅನುಪಾತ.

ಎತ್ತರಕ್ಕೆ ಅವನ ನಿಯಮ ಸುಲಭ. ಚಪ್ಪಟೆ ಛಾವಣಿಯಾದರೆ ಅಗಲದಷ್ಟೇ ಎತ್ತರ. ಚೌಕ ಕೋಣೆಗೆ ಕಮಾನು ಛಾವಣಿಯಾದರೆ ಅಗಲಕ್ಕಿಂತ ಮೂರನೇ ಒಂದು ಭಾಗ ಹೆಚ್ಚು. ನೆಲದಿಂದ ಲೇಸರ್ ಹಾಯಿಸುವಾಗ ಛಾವಣಿಯ ತೊಲೆಗೆ ಬೀಳದೆ ಹಲಗೆಗೆ ಬೀಳುವಂತೆ ನೋಡಿಕೊಳ್ಳಿ, ಇಲ್ಲವಾದರೆ ಒಂದು ತೊಲೆಯಷ್ಟು ಕಡಿಮೆ ಬರುತ್ತದೆ.

ಭಿತ್ತಿಚಿತ್ರಗಳನ್ನು ಕೊನೆಗೆ ನೋಡಿ. ಜೊವಾನ್ನಿ ಬಾತ್ತಿಸ್ತಾ ಜೆಲೊತ್ತಿ ಬರೆದವು. ಮೊಗಸಾಲೆಯ ಬಾಗಿಲ ಮೇಲೆ ಬೆಳೆಯ ದೇವತೆ ಸೆರೆಸ್ ಕೂತಿದ್ದಾಳೆ. ಅವಳ ಕೆಳಗೆ, ಬಾಗಿಲಿಗೆ ಬೆನ್ನು ಮಾಡಿ ನಿಂತು, ಇಳಿಜಾರಿನಾಚೆ ಹೊಲದ ಕಡೆ ಸಾಗುವ ನೇರ ದಾರಿಯನ್ನು ನೋಡಿ. ನಡುಮನೆ, ಬಾಗಿಲು, ದಾರಿ, ಹೊಲ ಎಲ್ಲ ಒಂದೇ ಗೆರೆಯಲ್ಲಿವೆ. ಜಮೀನಿನ ಯಜಮಾನ ನಿಲ್ಲುತ್ತಿದ್ದ ಜಾಗ ಅದು.